ಎಡಗೈ ಉಪಕರಣ ಮತ್ತು ಹೊಸಬರ ಕೀಟಲೆ

ಗ್ಯಾರೇಜು, ವರ್ಕ್‌ಶಾಪುಗಳಲ್ಲಿ ಹಳಬರು ಹೊಸ ಕೆಲಸಗಾರನನ್ನು ಇಲ್ಲದ ವಸ್ತು ತರಲು ಅಟ್ಟಿ ನಗುವ ರೂಢಿ. ‘ಎಡಗೈ ಸ್ಕ್ರೂಡ್ರೈವರ್’ ಇದರ ಜಗತ್ಪ್ರಸಿದ್ಧ ಉದಾಹರಣೆ. ಸ್ಕ್ರೂಡ್ರೈವರಿಗೆ ಎಡ-ಬಲ ಭೇದವೇ ಇಲ್ಲ. ಹುಡುಗನೂ ಕೂಡಿ ನಕ್ಕರೆ ಇದು ನಿರುಪದ್ರವಿ.

ಆದರೆ ಎಲ್ಲ ಕೀಟಲೆಯೂ ಹಾಗಲ್ಲ. ಬೆಂಗಳೂರಿನ ಬೈಕ್ ಸರ್ವಿಸ್ ಸೆಂಟರೊಂದರಲ್ಲಿ 2024ರ ಮಾರ್ಚ್‌ನಲ್ಲಿ ಗೆಳೆಯ ತಮಾಷೆಗೆಂದು ಗಾಳಿಯ ಪೈಪನ್ನು ಗುದದ್ವಾರಕ್ಕೆ ಹಿಡಿದಿದ್ದರಿಂದ ಕರುಳಿಗೆ ಪೆಟ್ಟಾಗಿ ಯುವಕನೊಬ್ಬ ತೀರಿಕೊಂಡ. ಒತ್ತಡದ ಗಾಳಿ ಕ್ಷಣದಲ್ಲಿ ಕರುಳನ್ನು ಹರಿಯಬಲ್ಲದು. ಅಪ್ರೆಂಟಿಸ್ ತರಬೇತಿಗೆ ದೇಶದಲ್ಲಿ 1961ರಿಂದ ಕಾಯ್ದೆಯಿದೆ. ಗಾಳಿಯ ಪೈಪು ಆಟಿಕೆಯಲ್ಲ ಎಂಬುದನ್ನು ಮಾತ್ರ ಮೊದಲ ದಿನವೇ ಮೇಸ್ತ್ರಿಯೇ ಹೇಳಿಕೊಡಬೇಕು.

ಕೀಟಲೆಗೆ ಸಿಕ್ಕ ಹುಡುಗ ಮುಂದೆ ‘ಎಡ’ ಎಂದರೆಲ್ಲ ಸುಳ್ಳೆಂದು ತಿಳಿದರೆ ಅಪಾಯ. ಸೈಕಲ್ಲಿನ ಎಡ ಪೆಡಲ್, ಗ್ರೈಂಡರಿನ ಎಡ ಚಕ್ರದ ನಟ್ಟು, ಅಸಿಟಿಲಿನ್ ಸಿಲಿಂಡರಿನ ಜೋಡಣೆ ಇವೆಲ್ಲ ನಿಜಕ್ಕೂ ಎಡ ಥ್ರೆಡ್ಡಿನವು. ಬಲಕ್ಕೆ ತಿರುಗಿಸಿದರೆ ಸಡಿಲಾಗುತ್ತವೆ. ಆಕ್ಸಿಜನ್ನಿನದು ಬಲ ಥ್ರೆಡ್ಡು. ಎರಡೂ ಅನಿಲಗಳ ಪೈಪು ಅದಲುಬದಲಾಗದಿರಲಿ ಎಂದೇ ಈ ವ್ಯವಸ್ಥೆ.

ಎಡಗೈ ಕತ್ತರಿಯೂ ನಿಜ: ಅದರ ಅಲಗುಗಳ ಜೋಡಣೆ ತಿರುವುಮುರುವು. ಜೋಳದ ನಾಡಾದ ವಿಜಯಪುರದಲ್ಲಿ, ನಗರದಂಚಿನ ಭೂತನಾಳದಿಂದ ತಿಕೋಟಾ, ಬಬಲೇಶ್ವರದ ಹೊಲಗಳವರೆಗೆ, ಕುಡುಗೋಲಿಗೂ ಇದೇ ಮಾತು ಹೊಂದುತ್ತದೆ. ಒಂದೇ ಮಗ್ಗುಲಿಗೆ ಹರಿತ ಮಾಡಿದ ಬಲಗೈ ಕುಡುಗೋಲು ಎಡಚರ ಕೈಯಲ್ಲಿ ದಂಟಿನ ಮೇಲೆ ಜಾರುತ್ತದೆ; ಅವರಿಗೆ ಕಂಬಾರ ಇನ್ನೊಂದು ಮಗ್ಗುಲನ್ನು ಹರಿತ ಮಾಡಿಕೊಡಬೇಕು.