ಗಂಡನ ರಕ್ತವನ್ನಷ್ಟೇ ಕೇಳುವ ರೂಢಿ: ಆರ್‌ಎಚ್ ತೊಡಕು ಮತ್ತು ದಾನಿ ಗರ್ಭಧಾರಣೆ

ಗರ್ಭಿಣಿಯ ರಕ್ತ ಆರ್‌ಎಚ್ ನೆಗೆಟಿವ್ ಎಂದು ತಾಯಿ ಕಾರ್ಡಿನಲ್ಲಿ ಬರೆದ ಮೇಲೆ ಏಳುವ ಪ್ರಶ್ನೆ, ಗಂಡನದು ಯಾವ ಗುಂಪು ಎಂಬುದು. ಅವನದೂ ನೆಗೆಟಿವ್ ಆಗಿದ್ದರೆ ಶಿಶುವೂ ನೆಗೆಟಿವ್, ಹಾಗಾಗಿ ಪಾಸಿಟಿವ್ ಶಿಶುವಿನ ರಕ್ತದ ವಿರುದ್ಧ ತಾಯಿಯಲ್ಲಿ ಪ್ರತಿಕಾಯ ಮೂಡದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಬೇಡವೆಂಬ ತೀರ್ಮಾನಕ್ಕೆ ಬರುವುದುಂಟು. ಈ ತರ್ಕದ ಬೇರು ಆಳದಲ್ಲಿದೆ. 1939ರಲ್ಲಿ ವೈದ್ಯರಾದ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ವಿವರಿಸಿದ ಪ್ರಕರಣದಲ್ಲಿ, ಮೃತಶಿಶುವನ್ನು ಹೆತ್ತ ಮಹಿಳೆಗೆ ಗಂಡನ ರಕ್ತ ಕೊಟ್ಟಾಗ ಮೈ ಅದನ್ನು ಒಲ್ಲೆನೆಂದಿತ್ತು. ತಂದೆಯಿಂದ ಬಂದ ಅಂಶವೊಂದು ಶಿಶುವಿನ ಮೂಲಕ ತಾಯಿಯಲ್ಲಿ ಪ್ರತಿಕಾಯ ಹುಟ್ಟಿಸಿತೆಂದು ಅವರು ಸರಿಯಾಗಿಯೇ ಊಹಿಸಿದರು. 1968ರಲ್ಲಿ ಆಂಟಿ-ಡಿ ಬಳಕೆಗೆ ಬರುವ ಮೊದಲು, ಪ್ರತಿಕಾಯ ಮೂಡಿದ ಕೆಲವು ತಾಯಂದಿರಿಗೆ ವೈದ್ಯರು ನೆಗೆಟಿವ್ ದಾನಿಯ ವೀರ್ಯವನ್ನೇ ಪರಿಹಾರವಾಗಿ ಕೊಟ್ಟದ್ದುಂಟು. ಅಂದು ದಾನಿ ರಕ್ಷಕನಾಗಿದ್ದ, ಏಕೆಂದರೆ ಅವನ ಗುಂಪನ್ನು ನೋಡಿಯೇ ಆರಿಸುತ್ತಿದ್ದರು. ಅಂಡಾಣು ದಾನ 1980ರ ದಶಕದಲ್ಲಿ ಸಾಧ್ಯವಾದಾಗ ಲೆಕ್ಕ ತಿರುವುಮುರುವಾಯಿತು: ಗಂಡ ಹೆಂಡತಿ ಇಬ್ಬರೂ ನೆಗೆಟಿವ್ ಆಗಿದ್ದರೂ, ದಾನಿ ಪಾಸಿಟಿವ್ ಆದರೆ ಗರ್ಭದಲ್ಲಿರುವ ಶಿಶು ಪಾಸಿಟಿವ್ ಆಗಬಹುದು.

ಭಾರತದಲ್ಲಿ ನೆಗೆಟಿವ್ ಗುಂಪಿನವರು ನೂರಕ್ಕೆ ಸುಮಾರು 5 ಮಂದಿ. ದಂಪತಿ ಇಬ್ಬರೂ ನೆಗೆಟಿವ್ ಆಗುವುದು ನಾನೂರರಲ್ಲಿ ಒಂದೆಡೆ, ಇದಕ್ಕೆ ಇಷ್ಟು ಚಿಂತೆಯೇಕೆ ಎಂಬ ಆಕ್ಷೇಪ ಬರಬಹುದು. ಆ ಲೆಕ್ಕ ನಂಟಿಲ್ಲದವರ ಮದುವೆಗೆ ಹೊಂದುತ್ತದೆ. ಮಾನ್ವಿ ತಾಲ್ಲೂಕಿನ ಸೀಮೆಯಲ್ಲಿ, ಕರ್ನಾಟಕದ ಬಹುಭಾಗದಲ್ಲಿರುವಂತೆ, ಒಳಸಂಬಂಧದ ಮದುವೆ ಹಳೆಯ ರೂಢಿ. ಅನುವಂಶೀಯತೆಯ ಸರಳ ಲೆಕ್ಕ ಹಾಕಿದರೆ, ನೆಗೆಟಿವ್ ಹುಡುಗಿ ಸೋದರಮಾವನನ್ನು ಮದುವೆಯಾದಾಗ ಅವನೂ ನೆಗೆಟಿವ್ ಆಗಿರುವ ಸಂಭವ ನೂರಕ್ಕೆ 5ರಿಂದ ಸುಮಾರು 14ಕ್ಕೆ ಏರುತ್ತದೆ. ಸಹಜ ಗರ್ಭದಲ್ಲಿ ಇದು ತಾಯಿಗೆ ರಕ್ಷೆ. ಅಂಡಾಣು ದಾನಿಯಾದರೋ ಹೊರಗಿನವಳು, ಬಹುಮಟ್ಟಿಗೆ ಪಾಸಿಟಿವ್. ಹಳೆಯ ಪ್ರಶ್ನೆ ಎಲ್ಲಿ ಹೆಚ್ಚು ಧೈರ್ಯ ಕೊಡುತ್ತಿತ್ತೋ ಅಲ್ಲೇ ಅದು ಹೆಚ್ಚು ಮೋಸ ಮಾಡುತ್ತದೆ.

ಹೆರಿಗೆಯಾದ ಮೇಲೆ ಮಗುವಿನ ರಕ್ತ ನೋಡಿ 72 ಗಂಟೆಯೊಳಗೆ ಚುಚ್ಚುಮದ್ದು ಕೊಟ್ಟರಾಯಿತಲ್ಲ ಎನ್ನಬಹುದು. ಅದು ಅರ್ಧ ಉತ್ತರ. 28ನೇ ವಾರದ ಡೋಸು, ನಡುವೆ ರಕ್ತಸ್ರಾವವಾದಾಗ ಕೊಡಬೇಕಾದ ಡೋಸು, ಇವೆರಡೂ ಗಂಡನ ಗುಂಪು ಕೇಳಿಯೇ ತಪ್ಪಿಹೋಗುತ್ತವೆ. ಪ್ರತಿಕಾಯ ಒಮ್ಮೆ ಮೂಡಿದರೆ ಆಂಟಿ-ಡಿ ನಿರುಪಯುಕ್ತ.

ಇನ್ನು ಗುಟ್ಟಿನ ಪ್ರಶ್ನೆ, ನನಗೆ ಎಲ್ಲಕ್ಕಿಂತ ಭಾರವಾದದ್ದು. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಚಿಕಿತ್ಸೆ ಪಡೆದು ಊರಿಗೆ ಬಂದ ಹೆಣ್ಣುಮಗಳು ಅತ್ತೆಯ ಎದುರಿಗೆ ದಾನಿಯ ಮಾತೆತ್ತಲಾರಳು. ದಾನಿಯ ರಕ್ತದ ಗುಂಪು ಚಿಕಿತ್ಸಾ ಕೇಂದ್ರದ ಕಡತದಲ್ಲಿದ್ದರೂ ಮಾನ್ವಿಯ ನರ್ಸಿಗೆ ತಲುಪುವುದಿಲ್ಲ. ಆದ್ದರಿಂದ ದಾನಿಯ ಬಗ್ಗೆ ವಿಚಾರಿಸುವ ಬದಲು ಗಂಡನ ಗುಂಪು ಕೇಳುವುದನ್ನೇ ಕೈಬಿಡಬೇಕು: ಪ್ರತಿಕಾಯವಿಲ್ಲದ ಪ್ರತಿ ನೆಗೆಟಿವ್ ಗರ್ಭಿಣಿಗೂ ಚುಚ್ಚುಮದ್ದು ಕೊಟ್ಟರೆ ಯಾರೂ ಏನನ್ನೂ ಬಾಯಿಬಿಡಬೇಕಿಲ್ಲ. ಕೆಲವರಿಗೆ ಅನವಶ್ಯಕ ಡೋಸು ಹೋಗುತ್ತದೆ, ನಿಜ. ಆ ವೆಚ್ಚ ತಾಯಿಯ ಪ್ರತಿಕಾಯದಿಂದ ಕಾಮಾಲೆಯಾಗಿ ನರಳುವ ಒಂದು ಕೂಸಿನ ರಕ್ತ ಬದಲಾವಣೆಗಿಂತ ಹಗುರ.