ಗಿಟಾರಿನ ಹೊರಗಿನ ತಗಡಿನ ಡಬ್ಬಿ

ಕಳೆದ ದೀಪಾವಳಿಗೆ ಮನೆಯ ಕಪಾಟು ಸ್ವಚ್ಛಗೊಳಿಸುವಾಗ ನನ್ನ ಮೊಮ್ಮಗಳ ಕೈಗೆ ಒಂದು ಹಳೆಯ ತಗಡಿನ ಡಬ್ಬಿ ಸಿಕ್ಕಿತು. ಮೇಲೊಂದು ಕಪ್ಪು ಗುಂಡಿ, ಎರಡೂ ಬದಿಗೆ ವಾಯರು ಸಿಕ್ಕಿಸುವ ತೂತುಗಳು. "ಅಜ್ಜಾ, ಇದೇನು?" ಎಂದು ಕೇಳಿದಳು. ಆಗ ಚುಟುಕಾಗಿ ಉತ್ತರಿಸಿದೆನಾದರೂ ಪೂರ್ಣ ಉತ್ತರ ಕೊಡಲು ಒಂದು ಲೇಖನವೇ ಬೇಕೆನಿಸಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಈ ಡಬ್ಬಿಯ ನೆನಪು ಇದ್ದೀತು.

ಇದು ಸ್ಟೀಲ್ ಗಿಟಾರಿಗೆ ಹೊರಗಿನಿಂದ ಜೋಡಿಸುತ್ತಿದ್ದ ಟೋನ್ ಕಂಟ್ರೋಲ್. ನಮ್ಮ ಕಡೆ ಆ ವಾದ್ಯವನ್ನು ಹವಾಯಿಯನ್ ಗಿಟಾರ್ ಎನ್ನುತ್ತಿದ್ದರು. ತೊಡೆಯ ಮೇಲೋ ಮೇಜಿನ ಮೇಲೋ ಅಡ್ಡಲಾಗಿ ಮಲಗಿಸಿ, ಎಡಗೈಯ ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸಿ, ಬಲಗೈಯಿಂದ ಮೀಟುವ ವಾದ್ಯವದು. ಇದರ ಹುಟ್ಟು ಹವಾಯಿ ದ್ವೀಪಗಳಲ್ಲಿ. 1874ರಲ್ಲಿ ಜನಿಸಿದ ಜೋಸೆಫ್ ಕೆಕುಕು ಎಂಬಾತ ಶಾಲಾ ಬಾಲಕನಾಗಿದ್ದಾಗ, 1889ರ ಸುಮಾರಿಗೆ, ಈ ವಿಧಾನವನ್ನು ಕಂಡುಕೊಂಡನೆಂಬುದು ಪ್ರಸಿದ್ಧ ಕಥೆ. ಅವನಿಗಿಂತ ಮೊದಲೇ ಗೇಬ್ರಿಯಲ್ ಡೇವಿಯನ್ ಎಂಬ ಭಾರತ ಮೂಲದ ನಾವಿಕ ಹೊನೊಲುಲುವಿನಲ್ಲಿ ಹೀಗೆ ನುಡಿಸುತ್ತಿದ್ದನೆಂದು ಹೇಳುವವರೂ ಇದ್ದಾರೆ. ಅದು ನಿಜವಾದರೆ ನಮ್ಮ ವಿಚಿತ್ರವೀಣೆ, ಗೋಟುವಾದ್ಯಗಳ ಜಾರುನಾದ ಸಮುದ್ರ ದಾಟಿ ಹೋಗಿ ಬೇರೆ ರೂಪದಲ್ಲಿ ಮರಳಿ ಬಂದಿತೆನ್ನಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಟೌ ಮೋ ಎಂಬ ಕಲಾವಿದರು ಕುಟುಂಬಸಮೇತ ಕಲ್ಕತ್ತೆಯಲ್ಲಿ ನೆಲೆಸಿ ಈ ವಾದ್ಯವನ್ನು ಕಲಿಸಿದರು. ಮುಂದೆ ವ್ಯಾನ್ ಶಿಪ್ಲೆ, ಸುನೀಲ್ ಗಂಗೂಲಿ ಮೊದಲಾದವರು ಗಿಟಾರಿನಲ್ಲಿ ನುಡಿಸಿದ ಚಿತ್ರಗೀತೆಗಳು ರೇಡಿಯೋ ಮತ್ತು ಧ್ವನಿಮುದ್ರಿಕೆಗಳ ಮೂಲಕ ಊರೂರು ತಲುಪಿದವು. 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಅವರೊಡನೆ ಬ್ರಿಜ್ ಭೂಷಣ್ ಕಾಬ್ರಾ ಅವರು 'ಕಾಲ್ ಆಫ್ ದಿ ವ್ಯಾಲಿ'ಯಲ್ಲಿ ನುಡಿಸಿದ ಮೇಲೆ ಇದು ರಾಗಸಂಗೀತಕ್ಕೂ ಸಲ್ಲುವ ವಾದ್ಯವೆಂಬುದು ಸ್ಪಷ್ಟವಾಯಿತು.

ಬಬಲೇಶ್ವರದ ಸಮೀಪದ ಶಾಲೆಯೊಂದರಲ್ಲಿ ನಾನು ಇತಿಹಾಸ ಕಲಿಸುತ್ತಿದ್ದ ದಿನಗಳಲ್ಲಿ ನಮ್ಮ ಚಿತ್ರಕಲಾ ಶಿಕ್ಷಕರ ಬಳಿ ಇಂಥದೊಂದು ಗಿಟಾರ್ ಇತ್ತು. ಅಕಾಲದಲ್ಲಿ ತೀರಿಕೊಂಡ ಅವರ ಅಣ್ಣನ ವಾದ್ಯ ಅದು. 1974ರ ಶಾಲಾ ಸ್ನೇಹಸಮ್ಮೇಳನದಲ್ಲಿ ಅದರ ನಾದರಂಧ್ರಕ್ಕೆ ಒಂದು ಅಯಸ್ಕಾಂತದ ಪಿಕಪ್ ಸಿಕ್ಕಿಸಿ, ಬಾಡಿಗೆಯ ಮೈಕ್‌ಸೆಟ್ಟಿಗೆ ಜೋಡಿಸಿದರು. ಕೈ ಪಳಗಿದ್ದೇ; ಸ್ವರವೂ ಶುದ್ಧ. ಆದರೆ ಧ್ವನಿವರ್ಧಕದಿಂದ ಬಂದ ನಾದ ಬಲು ಕರ್ಕಶ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮುಗಿದ ಮೇಲೆ ಬಂದು, "ಮಾಸ್ತರ್ರ, ಹಾಡು ಚಲೋ ಐತ್ರಿ, ಆದ್ರ ಕಿವ್ಯಾಗ ಸೂಜಿ ಚುಚ್ಚಿದಂಗ ಆಗತೈತ್ರಿ" ಎಂದರು. ನಮ್ಮ ಸಹೋದ್ಯೋಗಿ ನಕ್ಕರು. ಆದರೆ ಆ ರಾತ್ರಿ ಊಟ ಮಾಡಲಿಲ್ಲ.

ವಿದ್ಯುತ್ ಗಿಟಾರಿಗೆ ಇದು ಹೊಸ ತೊಂದರೆಯಲ್ಲ. 1932ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಮೊದಲ ವಿದ್ಯುತ್ ಗಿಟಾರು ಸ್ಟೀಲ್ ಗಿಟಾರೇ. ಅಲ್ಯೂಮಿನಿಯಮ್ಮಿನಿಂದ ಮಾಡಿದ್ದ ಅದರ ಆಕಾರ ಕಂಡು ಜನ 'ಫ್ರೈಯಿಂಗ್ ಪ್ಯಾನ್' ಎಂದು ಕರೆದರು. ತಂತಿಯ ಕಂಪನ ವಿದ್ಯುತ್ತಾಗಿ ಮಾರ್ಪಟ್ಟ ಮೇಲೆ ಅದರಲ್ಲಿನ ತೀಕ್ಷ್ಣ ಅಂಶವನ್ನು ಬೇಕಾದಷ್ಟೇ ಉಳಿಸಿಕೊಳ್ಳುವ ಸಾಧನ ಬೇಕಾಯಿತು. ಮುಂದೆ ಬಂದ ಗಿಟಾರುಗಳಲ್ಲಿ ಟೋನ್ ಗುಂಡಿ ಒಡಲಿನಲ್ಲಿಯೇ ಇರುತ್ತಿತ್ತು. ಕೆಲವರು ಪಾದದಿಂದ ನಡೆಸುವ ಪೆಡಲನ್ನು ಬಳಸುತ್ತಿದ್ದರು. ಅದನ್ನು ಮೇಲೆ ಕೆಳಗೆ ಒತ್ತಿದರೆ ಧ್ವನಿ ಹೆಚ್ಚುಕಡಿಮೆ, ಅಕ್ಕಪಕ್ಕ ಹೊರಳಿಸಿದರೆ ಟೋನ್ ಬದಲು.

ನಮ್ಮ ಸಹೋದ್ಯೋಗಿಯ ಗಿಟಾರಿನಲ್ಲಿ ಗುಂಡಿ ಕೂಡಿಸಬೇಕಾದರೆ ಮರಕ್ಕೆ ತೂತು ಕೊರೆಯಬೇಕಿತ್ತು. "ಅಣ್ಣನ ಗಿಟಾರಿಗೆ ಬೈರಿಗೆ ಹಚ್ಚಲಾರೆ" ಎಂದರು ಅವರು. ಇಬ್ಬರೂ ಬಸ್ಸು ಹಿಡಿದು ವಿಜಯಪುರಕ್ಕೆ (ಆಗಿನ್ನೂ ಬಿಜಾಪುರ, ಹೆಸರು ಬದಲಾದದ್ದು 2014ರಲ್ಲಿ) ಹೋಗಿ, ಒಂದು ರೇಡಿಯೋ ದುರಸ್ತಿಯ ಅಂಗಡಿ ಹೊಕ್ಕೆವು. ಕಾವಿಗೆಯ ಹೊಗೆಯ ಹಿಂದಿನಿಂದ ತಲೆಯೆತ್ತಿದ ತರುಣ ನನ್ನನ್ನು ಕಂಡು ಎದ್ದು ನಿಂತ. ತಿಕೋಟಾ ಕಡೆಯ ಹುಡುಗ. 1969ರಲ್ಲಿ ಒಂಬತ್ತನೆಯ ಇಯತ್ತೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು.

ಆ ವರ್ಷ ಅವನು ಶಾಲೆಯ ರೇಡಿಯೋವನ್ನು ಬಿಚ್ಚಿಟ್ಟುಕೊಂಡು ಕುಳಿತಿದ್ದಾಗ ನಾನು ಕಂಡಿದ್ದೆ. ಒಂದು ಮಾತನ್ನೂ ಕೇಳದೆ ಬೆತ್ತದಿಂದ ಹೊಡೆದೆ. ತಂದೆಯನ್ನು ಕರೆಸಿ, "ನಿಮ್ಮ ಹುಡುಗನಿಗೆ ಓದು ಹತ್ತುವುದಿಲ್ಲ" ಎಂದೆ. ದಸರೆಯ ರಜೆಯ ನಂತರ ಅವನು ಶಾಲೆಗೆ ಮರಳಲಿಲ್ಲ.

ಐದು ವರ್ಷಗಳ ಮೇಲೆ ಅವನು ನಮ್ಮ ಸಮಸ್ಯೆಯನ್ನು ಪೂರ್ತಿ ಕೇಳಿಸಿಕೊಂಡು, "ಗಿಟಾರಿಗೆ ತೂತು ಬ್ಯಾಡ್ರಿ ಸರ್ರ. ಹೊರಗ ಒಂದು ಡಬ್ಬಿ ಮಾಡೂಣು" ಎಂದ. ವಿಷಯ ಸರಳವಾದದ್ದು. ಗಿಟಾರಿನಿಂದ ಬರುವ ವಾಯರಿನಲ್ಲಿ ಎರಡು ಎಳೆ: ಒಂದು ನಾದ ಹೊತ್ತದ್ದು, ಇನ್ನೊಂದು ನೆಲದ ಎಳೆ, ಅಂದರೆ ಅರ್ಥಿಂಗ್. ಇವೆರಡರ ನಡುವೆ ಒಂದು ಕಂಡೆನ್ಸರು ಮತ್ತು 250 ಕಿಲೋ ಓಮಿನ ತಿರುಗುವ ರೋಧಕವನ್ನು ಸಾಲಾಗಿ ಜೋಡಿಸಬೇಕು. ಕಂಡೆನ್ಸರು ತೀಕ್ಷ್ಣ ಕಂಪನಗಳನ್ನು ಸುಲಭವಾಗಿ ಹಾಯಗೊಡುತ್ತದೆ, ಮಂದ್ರ ಕಂಪನಗಳನ್ನು ತಡೆಯುತ್ತದೆ. ಗುಂಡಿ ತಿರುಗಿಸಿ ರೋಧ ಕಡಿಮೆ ಮಾಡಿದಂತೆ ತೀಕ್ಷ್ಣ ಅಂಶ ನೆಲದ ಎಳೆಗೆ ಸೋರಿಹೋಗಿ, ದುಂಡನೆಯ ನಾದ ಮಾತ್ರ ಮೈಕ್‌ಸೆಟ್ಟಿಗೆ ತಲುಪುತ್ತದೆ.

ಮೊದಲ ಸಲ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಮಾಡಿದ. ಕೈ ಹತ್ತಿರ ಹೋದರೆ 'ಗುಂಯ್' ಎಂಬ ಸದ್ದು. ಆಗ ತಗಡಿನ ಡಬ್ಬಿ ತಂದು, ಅದನ್ನು ನೆಲದ ಎಳೆಗೆ ಬೆಸೆದ, ಸದ್ದು ನಿಂತಿತು. 0.05 ಮೈಕ್ರೋಫ್ಯಾರಡಿನ ಕಂಡೆನ್ಸರು ಹಾಕಿದಾಗ ನಾದ ಗೋಣಿಚೀಲದೊಳಗಿಂದ ಬಂದಂತಾಯಿತು. ಅದನ್ನು ತೆಗೆದು 0.02ರದನ್ನು ಹಾಕಿದ. ಗಿಟಾರಿನಿಂದ ಡಬ್ಬಿಗೆ ಬರುವ ವಾಯರನ್ನು ಗಿಡ್ಡವಾಗಿಟ್ಟು, ಮೇಜಿನ ಅಂಚಿಗೆ, ಬಲಗೈಯ ಕಿರುಬೆರಳಿಗೆ ಗುಂಡಿ ಎಟುಕುವಂತೆ ಕೂಡಿಸಿದ. ಮೀಟುತ್ತಲೇ ಗುಂಡಿ ಹೊರಳಿಸಿದರೆ ಗಿಟಾರು ಬಾಯಿ ತೆರೆದು ಮಾತಾಡಿದಂತೆ ಕೇಳುತ್ತಿತ್ತು.

ಸಾಮಾನಿನ ಹಣವನ್ನಷ್ಟೇ ತೆಗೆದುಕೊಂಡ. ನಾವು ಹೊರಡುವಾಗ ತಲೆ ತಗ್ಗಿಸಿ ಮೆಲ್ಲಗೆ ಹೇಳಿದ: "ಸರ್ರ, ಅವತ್ತ ನಾ ರೇಡಿಯೋ ಕೆಡಸಾಕ ಬಿಚ್ಚಿರಲಿಲ್ರಿ. ಸ್ಪೀಕರಿನ ಕಾಗದ ಹರದಿತ್ತು, ಧ್ವನಿ ಒಡದು ಬರತಿತ್ತು. ಅಂಟು ಹಚ್ಚಾಕ ಬಿಚ್ಚಿದ್ದೆ." ನಾನು "ಹೌದಾ?" ಎಂದೆ. ಅಷ್ಟೇ. ಬಸ್ಸಿನ ಹೊತ್ತಾಯಿತೆಂದು ಹೊರಟುಬಂದೆ.

ಮರುವರ್ಷ ತಿಕೋಟಾದಲ್ಲಿ ಅದೇ ಗಿಟಾರಿನ ಕಾರ್ಯಕ್ರಮ ನಡೆಯಿತು. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯ ಬಗ್ಗೆ ಇತಿಹಾಸದ ಮಾಸ್ತರನಾಗಿ ನಾನು ಎರಡು ಮಾತು ಹೇಳಲೇಬೇಕು. ನಗರದ ಪಶ್ಚಿಮಕ್ಕೆ ತೊರವಿಯ ಹತ್ತಿರ, ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ನವರಸಪುರವೆಂಬ ಹೊಸ ಪಟ್ಟಣವನ್ನು ಕಟ್ಟಿಸತೊಡಗಿದ. ದಖನಿಯಲ್ಲಿ 'ಕಿತಾಬ್-ಎ-ನವರಸ್' ರಚಿಸಿದ ಆ ದೊರೆ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಪ್ರೀತಿಸಿದವನು. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಆ ಪಟ್ಟಣವನ್ನು ಹಾಳುಗೆಡವಿತು. ಸಂಗೀತ ಮಹಲಿನ ಗೋಡೆಗಳು ಇಂದಿಗೂ ನಿಂತಿವೆ. ಅದೇ ದಾರಿ ತಿಕೋಟಾ, ಅಥಣಿ ದಾಟಿ ಮಿರಜಕ್ಕೆ ಮುಟ್ಟುತ್ತದೆ. ಅಲ್ಲಿ ತಲೆಮಾರುಗಳಿಂದ ತಯಾರಾಗುತ್ತಿರುವ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆಯಿತು.

ತಂಬೂರಿಯ ತಂತಿಗೂ ಕುದುರೆಗೂ ನಡುವೆ ಒಂದು ನೂಲೆಳೆ ಸಿಕ್ಕಿಸುತ್ತಾರೆ. ಕೂದಲೆಳೆಯಷ್ಟು ಸರಿಸಿದರೆ ನಾದದ ಬಣ್ಣವೇ ಬದಲಾಗುತ್ತದೆ. ವಾದ್ಯದ ಒಡಲಿಗೆ ಗಾಯವಿಲ್ಲ. ಆ ನೂಲಿಗೆ ಜೀವಾ ಎಂದು ಹೆಸರು. ತಿಕೋಟಾದ ವೇದಿಕೆಯ ಮೇಲೆ ಕಿರುಬೆರಳು ಗುಂಡಿಯನ್ನು ಸರಿಸುವುದನ್ನು ನೋಡುತ್ತ ಕುಳಿತಾಗ, ಒಂಬತ್ತನೆಯ ಇಯತ್ತೆಯೂ ಮುಗಿಯದ ಆ ಹುಡುಗ ಮಾಡಿಕೊಟ್ಟದ್ದು ಅಂಥದೇ ಒಂದು ನೂಲೆಂದು ನನಗೆ ತೋರಿತು.

ಅವನು ಅಂದು ಸಭೆಯ ಹಿಂದೆ ಮೈಕ್‌ಸೆಟ್ಟಿನ ಬಳಿ ನಿಂತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದು ಗಿಟಾರಿಗೆ. ವೇದಿಕೆಗೆ ಕರೆದು ಅವನ ಹೆಸರು ಹೇಳಬಹುದಿತ್ತು, ನಾನು ಹೇಳಲಿಲ್ಲ. ಆತ 2011ರಲ್ಲಿ ತೀರಿಕೊಂಡ. ಚಿತ್ರಕಲಾ ಶಿಕ್ಷಕರೂ ಈಗಿಲ್ಲ. ಗಿಟಾರನ್ನು ಮಗನಿಗೆ ಬಿಟ್ಟು ಡಬ್ಬಿಯನ್ನು ನನಗೆ ಕೊಟ್ಟುಹೋದರು. ಏಕೆ ಕೊಟ್ಟರೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ನಿಮ್ಮ ಮಕ್ಕಳು ಏನನ್ನಾದರೂ ಬಿಚ್ಚಿಟ್ಟುಕೊಂಡು ಕುಳಿತಿದ್ದರೆ, ಗದರುವ ಮೊದಲು ಏಕೆ ಬಿಚ್ಚಿದೆಯೆಂದು ಕೇಳಿರಿ. ಡಬ್ಬಿಯನ್ನು ಮೊಮ್ಮಗಳಿಗೆ ಕೊಟ್ಟಿದ್ದೇನೆ. ನಿನ್ನೆ ಅದರ ತಿರುಪು ಬಿಚ್ಚಿ ಒಳಗೆ ನೋಡುತ್ತಿದ್ದಳು. ನಾನು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತೆ.