ಹಿಮಗಾಲದಲ್ಲಿ ಓದುವ ತೋಟ



ಸಂಕ್ರಾಂತಿಯ ಹೊತ್ತಿಗೆ ನಮ್ಮ ಸಂತೆಗಳಲ್ಲಿ ಅವರೆಕಾಯಿಯ ಸೊಗಡು ಹರಡಿರುತ್ತದೆ, ಚೆಂಡು ಹೂವು ರಾಶಿ ಬಿದ್ದಿರುತ್ತದೆ. ಅದೇ ಜನವರಿಯಲ್ಲಿ ಅಮೆರಿಕದ ಉತ್ತರ ಭಾಗದ ತೋಟಗಳು ಹಿಮದಡಿಯಲ್ಲಿ ಮಲಗಿರುತ್ತವೆ. ನೆಲ ಕಲ್ಲಿನಂತೆ ಗಟ್ಟಿಯಾಗಿ, ಗುದ್ದಲಿ ಹಾಕಿದರೆ ಇಳಿಯುವುದಿಲ್ಲ. ಆ ಮೂರು ನಾಲ್ಕು ತಿಂಗಳು ಅಲ್ಲಿನ ತೋಟಗಾರ ಏನು ಮಾಡುತ್ತಾನೆ? ಕಿಟಕಿಯ ಬಳಿ ಕುಂಡಗಳಲ್ಲಿ ಒಂದೆರಡು ಗಿಡ ಇಟ್ಟುಕೊಂಡು ಸಮಾಧಾನಪಡುತ್ತಾನೆ. ಹಾಗೆ ಆ ಕಿಟಕಿಗಳಲ್ಲಿ ಅರಳುವ ಆಫ್ರಿಕನ್ ವಯೊಲೆಟ್ ಇಂದಿನ ಟಾಂಜಾನಿಯಾದ ಬೆಟ್ಟಗಳ ಗಿಡ ಎಂಬುದು ಒಂದು ಸ್ವಾರಸ್ಯ. ಮತ್ತೆ, ಅಂಚೆಯಲ್ಲಿ ಬಂದ ಬೀಜದ ಪಟ್ಟಿಯನ್ನು ಓದುತ್ತಾನೆ.

ಬೆಲೆಪಟ್ಟಿಯನ್ನು ಯಾರಾದರೂ ಓದುತ್ತಾರೆಯೇ ಎಂದು ನೀವು ಕೇಳಬಹುದು. ಓದುತ್ತಾರೆ. ಈ ಓದಿನ ಹಿಂದೆ ನಮ್ಮ ಹೊಲಗಳಿಗೂ ಸಂಬಂಧಿಸಿದ ಒಂದು ಇತಿಹಾಸವಿದೆ.

1876ರಲ್ಲಿ ಫಿಲಡೆಲ್ಫಿಯಾದಲ್ಲಿ ಡಬ್ಲ್ಯು. ಅಟ್ಲೀ ಬರ್ಪೀ ಎಂಬ 18ರ ತರುಣ ಅಂಚೆಯ ಮೂಲಕ ವ್ಯಾಪಾರ ಆರಂಭಿಸಿದ. ಮೊದಲು ಅವನ ಆಸಕ್ತಿ ಇದ್ದದ್ದು ಜಾತಿ ಕೋಳಿಗಳಲ್ಲಿ. ಕ್ರಮೇಣ ಗಿರಾಕಿಗಳಿಗೆ ಬೇಕಾದದ್ದು ಬೀಜ ಎಂಬುದು ಅವನಿಗೆ ಮನವರಿಕೆಯಾಯಿತು. ಯೂರೋಪಿನಿಂದ ವಲಸೆ ಬಂದ ರೈತರು ತಮ್ಮ ಹಳೆಯ ನಾಡಿನ ತರಕಾರಿಗಳನ್ನು ಬೆಳೆಯಬಯಸುತ್ತಿದ್ದರು. ಆದರೆ ಅಲ್ಲಿನ ಎಲ್ಲ ತಳಿಗಳೂ ಅಮೆರಿಕದ ಹವೆಗೆ ಒಗ್ಗುತ್ತಿರಲಿಲ್ಲ. 1888ರಲ್ಲಿ ಬರ್ಪೀ ಪೆನ್ಸಿಲ್ವೇನಿಯಾದ ಫೋರ್ಡ್‌ಹುಕ್ ಎಂಬಲ್ಲಿ ಜಮೀನು ಕೊಂಡು, ತಾನು ಯೂರೋಪಿನಲ್ಲಿ ಸುತ್ತಾಡಿ ತಂದ ತಳಿಗಳನ್ನು ಅಲ್ಲಿ ಬಿತ್ತಿ ಪರೀಕ್ಷಿಸತೊಡಗಿದ. 1896ರಲ್ಲಿ ಹಳ್ಳಿಯ ಮನೆಬಾಗಿಲಿಗೇ ಉಚಿತವಾಗಿ ಅಂಚೆ ತಲುಪಿಸುವ ವ್ಯವಸ್ಥೆ ಆರಂಭವಾದದ್ದು ಇಂಥ ವ್ಯಾಪಾರಕ್ಕೆ ದೊಡ್ಡ ಬಲ ತಂದಿತು. ಚಿತ್ರಗಳಿಂದ ತುಂಬಿದ ಪಟ್ಟಿ ದೂರದ ಒಂಟಿ ಮನೆಗಳನ್ನೂ ತಲುಪಿತು. ಟೊಮೇಟೊ ಬೀಜವನ್ನು ಹಿಮ ನಿಲ್ಲುವ ಆರೆಂಟು ವಾರ ಮೊದಲೇ ಮನೆಯೊಳಗೆ ಮೊಳೆಸಬೇಕಾದ್ದರಿಂದ, ಪಟ್ಟಿಯನ್ನು ಚಳಿಗಾಲದಲ್ಲೇ ಓದಿ ಮುಗಿಸಬೇಕಿತ್ತು.

ಈ ಓದನ್ನು ಗಂಭೀರವಾಗಿ ಪರಿಗಣಿಸಿದವರು ಕ್ಯಾಥರೀನ್ ವೈಟ್. 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಕಥೆಗಳನ್ನು ಆರಿಸುತ್ತಿದ್ದ ಈ ಸಂಪಾದಕಿ 1958ರ ಮಾರ್ಚ್‌ನಲ್ಲಿ ಬೀಜದ ಪಟ್ಟಿಗಳನ್ನೇ ಪುಸ್ತಕಗಳಂತೆ ವಿಮರ್ಶಿಸಿ ಬರೆದರು. ಪಟ್ಟಿ ಬರೆಯುವವನಿಗೂ ಒಂದು ಶೈಲಿ, ಒಂದು ಸ್ವಭಾವ ಇರುತ್ತದೆ ಎಂಬುದು ಅವರ ನಿಲುವು. ಆ ಲೇಖನಗಳು ಅವರ ಮರಣಾನಂತರ, 1979ರಲ್ಲಿ, ಗ್ರಂಥರೂಪದಲ್ಲಿ ಹೊರಬಂದವು.

ಈಗ ಚೆಂಡು ಹೂವಿನ ಸಂಗತಿಗೆ ಬರೋಣ. ನಾವು ನಮ್ಮದೇ ಎಂದು ತೋರಣ ಕಟ್ಟುವ ಈ ಹೂವಿನ ತವರು ಮೆಕ್ಸಿಕೋ. ಬರ್ಪೀಯ ಮಗ ಡೇವಿಡ್‌ಗೆ ಇದರ ಮೇಲೆ ಅಪಾರ ಮೋಹ. ಹಳದಿ, ಕಿತ್ತಳೆ ಬಣ್ಣಗಳು ಇದ್ದವು. ಅಚ್ಚ ಬಿಳಿಯದು ಇರಲಿಲ್ಲ. 1954ರಲ್ಲಿ ಅವನು ಬಿಳಿ ಚೆಂಡು ಹೂವು ಬೆಳೆಸಿದವರಿಗೆ 10,000 ಡಾಲರ್ ಬಹುಮಾನ ಘೋಷಿಸಿದ. ವರ್ಷಗಳು ಉರುಳಿದವು. ಕೊನೆಗೆ 1975ರಲ್ಲಿ ಅದನ್ನು ಗೆದ್ದವರು ವಿಜ್ಞಾನಿಯಲ್ಲ, ಅಯೋವಾ ರಾಜ್ಯದ ಸಲ್ಲಿ ಎಂಬ ಸಣ್ಣ ಊರಿನ ಆಲಿಸ್ ವಾಂಕ್ ಎಂಬ ಮನೆತೋಟದ ಮಹಿಳೆ. ಅವರ ವಿಧಾನ ಸರಳ: ಪ್ರತಿವರ್ಷ ಅತ್ಯಂತ ಪೇಲವ ಬಣ್ಣದ ಹೂವಿನ ಬೀಜವನ್ನೇ ಆರಿಸಿ, ಮುಂದಿನ ವರ್ಷ ಬಿತ್ತುವುದು. ಇಂಥ ಕೆಲಸದಲ್ಲಿ ವರ್ಷಕ್ಕೆ ಒಂದೇ ಹೆಜ್ಜೆ, ಅವಸರಕ್ಕೆ ಎಡೆಯಿಲ್ಲ.

ಅದೇ 1975ರಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಅದರ ಮಹತ್ವ ತಿಳಿಯಲು ನಿಮ್ಮ ಜೀವಶಾಸ್ತ್ರ ಪಠ್ಯದ ಮೆಂಡಲ್‌ನನ್ನು ನೆನೆಯಿರಿ. 1949ರಲ್ಲಿ ಬರ್ಪೀ ಸಂಸ್ಥೆ 'ಬಿಗ್ ಬಾಯ್' ಎಂಬ ಸಂಕರ ಟೊಮೇಟೊವನ್ನು ಹೊರತಂದಿತ್ತು. ಸಂಕರ ಬೀಜದ ಮೊದಲ ಬೆಳೆ ಸೊಂಪಾಗಿ, ಒಂದೇ ಸಮನಾಗಿ ಬರುತ್ತದೆ. ಅದರ ಹಣ್ಣಿನ ಬೀಜ ಬಿತ್ತಿದರೆ ಗುಣಗಳು ಚದುರಿಹೋಗುತ್ತವೆ. ಆದ್ದರಿಂದ ಪ್ರತಿವರ್ಷ ಹೊಸ ಬೀಜ ಕೊಳ್ಳಲೇಬೇಕು. ಹೊಸ ತಳಿ ಪಟ್ಟಿಗೆ ಬಂದಂತೆ ಹಳೆಯದು ಪಟ್ಟಿಯಿಂದ ಬಿದ್ದುಹೋಗುತ್ತದೆ. ಯಾರೂ ಬಿತ್ತದ ತಳಿ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಂಡು ಶಾಶ್ವತವಾಗಿ ಇಲ್ಲವಾಗುತ್ತದೆ.

ಡಯೇನ್ ಆಟ್ ವೀಲಿ ಎಂಬಾಕೆಗೆ ಅವರ ಅಜ್ಜ ಕೆಲವು ಬೀಜಗಳನ್ನು ಕೊಟ್ಟಿದ್ದರು. ಅವರ ಪೂರ್ವಜರು ಜರ್ಮನಿಯ ಬವೇರಿಯಾದಿಂದ 19ನೆಯ ಶತಮಾನದಲ್ಲಿ ತಂದ ಬಳ್ಳಿಹೂವಿನ ಮತ್ತು ಟೊಮೇಟೊದ ಬೀಜಗಳವು. ಈ ಬೀಜಗಳ ಗತಿಯೇನು ಎಂಬ ಚಿಂತೆಯಿಂದ ಡಯೇನ್ ಮತ್ತು ಅವರ ಪತಿ ಕೆಂಟ್, 1975ರಲ್ಲಿ ಬೀಜ ಉಳಿಸುವವರ ಒಂದು ವಿನಿಮಯ ಕೂಟ ಕಟ್ಟಿದರು. ಅವರೂ ಒಂದು ಪಟ್ಟಿ ಅಚ್ಚು ಹಾಕಿದರು. ಆದರೆ ಅದು ಅಂಗಡಿಯ ಪಟ್ಟಿಯಲ್ಲ. ಯಾರ ಮನೆಯಲ್ಲಿ ಯಾವ ಬೀಜ ಇದೆ, ಯಾರೊಡನೆ ಹಂಚಿಕೊಳ್ಳಬಹುದು ಎಂಬ ವಿವರ. 1986ರಿಂದ ಈ ಕೂಟಕ್ಕೆ ಅಯೋವಾದ ಡೆಕೋರಾ ಬಳಿ ಸ್ವಂತ ಜಮೀನಿದೆ.

ಹೀಗೆ ಎರಡು ಪಟ್ಟಿಗಳು: ಒಂದು ಮಾರುವುದಕ್ಕೆ, ಇನ್ನೊಂದು ಉಳಿಸುವುದಕ್ಕೆ. ಮೊದಲನೆಯದನ್ನು ಹಳಿಯಬೇಕಾಗಿಲ್ಲ, ಅದು ಹಳ್ಳಿಗಳಿಗೆ ಒಳ್ಳೆಯ ಬೀಜವನ್ನೂ ಆಲಿಸ್ ವಾಂಕ್‌ರಂಥವರಿಗೆ ಒಂದು ಕನಸನ್ನೂ ಕೊಟ್ಟಿತು. ಆದರೆ ಬೀಜ ಇಟ್ಟುಕೊಳ್ಳುವ ವಿದ್ಯೆ ಒಮ್ಮೆ ಮನೆಯಿಂದ ಹೊರಟುಹೋದರೆ ಅದನ್ನು ಯಾವ ಅಂಚೆಯೂ ತಂದುಕೊಡದು.

ನಮ್ಮಲ್ಲಿ ಆ ವಿದ್ಯೆ ಕಾಗದದ ಮೇಲೆ ಇರಲಿಲ್ಲ. ಬೂದಿ ಬೆರೆಸಿ ಕಾಳು ಇಡುವುದು, ಒಣಗಿದ ಸೋರೆಬುರುಡೆಯಲ್ಲಿ ಬೀಜ ತುಂಬಿ ತೂಗುಹಾಕುವುದು, ಸೌತೆ ಬೀಜವನ್ನು ಸಗಣಿಯೊಡನೆ ಕಲಸಿ ಗೋಡೆಗೆ ತಟ್ಟುವುದು, ಇವೆಲ್ಲ ಅಜ್ಜಿಯಂದಿರ ಕೈಯಲ್ಲಿದ್ದ ಪಟ್ಟಿ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಬೀಜವನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ನಮ್ಮ ರೈತನಿಗೆ ಕೊಟ್ಟಿದೆ. ಆದರೆ ಹಕ್ಕು ಇದ್ದರೆ ಸಾಲದು, ಉಳಿಸಲು ಬೀಜವೂ ಇರಬೇಕು.

ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಅಜ್ಜಿಯನ್ನು ಕೇಳಿ ನೋಡಿ: ಹಿತ್ತಲಿನ ಅವರೆ, ಬದನೆ, ಸೋರೆಯ ಬೀಜ ಎಲ್ಲಿಂದ ಬಂತು, ಎಷ್ಟು ವರ್ಷದಿಂದ ಇದೆ, ಈಗ ಯಾರ ಬಳಿ ಉಳಿದಿದೆ? ಅವರು ಹೇಳಿದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಅದು ನಿಮ್ಮ ಮನೆಯ ಮೊದಲ ಬೀಜದ ಪಟ್ಟಿಯಾಗುತ್ತದೆ.